ನಗರ ಪ್ರದೇಶದ ಕಥೋಲಿಕ ಶಾಲೆಗಳಲ್ಲಿ ಓದುವ ಮಕ್ಕಳಿಗೆ ವಿದ್ಯಾರ್ಥಿವೇತನ ಹಾಗೂ ಶುಲ್ಕ ನೆರವು: ಪೋಷಕರ ಗಮನಕ್ಕೆ

ಬೆಂಗಳೂರು, ಮಂಗಳೂರು, ಮೈಸೂರು ಮೊದಲಾದ ನಗರಗಳಲ್ಲಿ ಕಥೋಲಿಕ ಧರ್ಮಪ್ರಾಂತಗಳು ಹಾಗೂ ಸನ್ಯಾಸಿ ಸಭೆಗಳು ನಡೆಸುತ್ತಿರುವ ಶಾಲೆಗಳಿಗೆ ದೀರ್ಘ ಇತಿಹಾಸವಿದೆ. ಬೆಂಗಳೂರಿನ ಸಂತ ಜೋಸೆಫರ ಬಾಲಕರ ಶಾಲೆ 1858ರಲ್ಲಿಯೂ, ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆ 1880ರಲ್ಲಿಯೂ ಪ್ರಾರಂಭವಾದವು. ಈ ಶಾಲೆಗಳಲ್ಲಿ ಓದುವವರೆಲ್ಲರೂ ಸ್ಥಿತಿವಂತರ ಮಕ್ಕಳೆಂಬ ಅಭಿಪ್ರಾಯ ಸಾರ್ವಜನಿಕರಲ್ಲಿದೆ. ಆದರೆ ಮನೆಗೆಲಸದವರು, ಆಟೋ ಚಾಲಕರು, ಗಾರೆ ಕೆಲಸದವರು, ಬೀಡಿ ಕಟ್ಟುವವರು, ಸಣ್ಣ ಅಂಗಡಿಗಳ ನೌಕರರು ಕೂಡ ತಮ್ಮ ಮಕ್ಕಳನ್ನು ಇದೇ ಶಾಲೆಗಳಿಗೆ ಕಳುಹಿಸುತ್ತಾರೆ. ಇಂತಹ ಕುಟುಂಬಗಳಿಗೆ ದೊರೆಯಬಹುದಾದ ನೆರವು ಒಂದೇ ಕಚೇರಿಯಲ್ಲಿಲ್ಲ. ಯಾವುದು ತಮ್ಮ ಮಗುವಿಗೆ ಅನ್ವಯಿಸುತ್ತದೆ ಎಂಬುದು ತಿಳಿಯದ ಕಾರಣ ಅರ್ಹರು ಅರ್ಜಿ ಸಲ್ಲಿಸದೇ ಉಳಿಯುವುದೂ, ಅರ್ಹತೆಯಿಲ್ಲದ ಯೋಜನೆಗೆ ಅರ್ಜಿ ಹಾಕಿ ವರ್ಷವಿಡೀ ಕಾಯುವುದೂ ಸಾಮಾನ್ಯವಾಗಿದೆ. ಈ ತೊಂದರೆಯನ್ನು ನಿವಾರಿಸುವ ಸಲುವಾಗಿ ಅವಶ್ಯಕ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಅನುದಾನಿತವೇ, ಅನುದಾನರಹಿತವೇ

ಪೋಷಕರು ಮೊದಲು ಖಚಿತಪಡಿಸಿಕೊಳ್ಳಬೇಕಾದ ವಿಷಯ ಇದು. ಶಾಲೆಯನ್ನು ಚರ್ಚ್ ನಡೆಸುತ್ತದೆ ಎಂದ ಮಾತ್ರಕ್ಕೆ ಅದು ಅನುದಾನರಹಿತ ಖಾಸಗಿ ಶಾಲೆ ಎಂದು ತಿಳಿಯಬಾರದು. ಹಲವು ಹಳೆಯ ಕಥೋಲಿಕ ಶಾಲೆಗಳು ಸರ್ಕಾರದಿಂದ ಶಿಕ್ಷಕರ ವೇತನಾನುದಾನ ಪಡೆಯುತ್ತಿವೆ. ಒಂದೇ ಆವರಣದಲ್ಲಿ ಅನುದಾನಿತ ಕನ್ನಡ ಮಾಧ್ಯಮದ ಶಾಲೆ ಒಂದು ಕಟ್ಟಡದಲ್ಲಿ, ಅನುದಾನರಹಿತ ಇಂಗ್ಲಿಷ್ ಮಾಧ್ಯಮದ ಶಾಲೆ ಇನ್ನೊಂದು ಕಟ್ಟಡದಲ್ಲಿ ನಡೆಯುವುದುಂಟು. ಫಲಕದ ಮೇಲಿನ ಹೆಸರು ಒಂದೇ ಆಗಿದ್ದರೂ ಕಡತಗಳಲ್ಲಿ ಅವು ಬೇರೆ ಬೇರೆ ಶಾಲೆಗಳು. ಪ್ರತಿಯೊಂದಕ್ಕೂ ಪ್ರತ್ಯೇಕ ಯು-ಡೈಸ್ ಸಂಖ್ಯೆ ಇರುತ್ತದೆ. ಮುಖ್ಯೋಪಾಧ್ಯಾಯರಿಂದ ಈ ಸಂಖ್ಯೆಯನ್ನೂ, ಮಗು ಓದುತ್ತಿರುವ ವಿಭಾಗ ಅನುದಾನಕ್ಕೆ ಒಳಪಟ್ಟಿದೆಯೇ ಎಂಬುದನ್ನೂ ಬರೆಸಿಕೊಳ್ಳುವುದು ಒಳ್ಳೆಯದು.

ಅನುದಾನಿತ ವಿಭಾಗದಲ್ಲಿ ಓದುವ ಮಕ್ಕಳಿಗೆ ಸರ್ಕಾರದ ಉಚಿತ ಪಠ್ಯಪುಸ್ತಕ, ಅಕ್ಷರ ದಾಸೋಹ ಯೋಜನೆಯ ಬಿಸಿಯೂಟ ಹಾಗೂ 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು ದೊರೆಯುತ್ತವೆ. ಇವುಗಳಿಗೆ ಪೋಷಕರು ಪ್ರತ್ಯೇಕ ಅರ್ಜಿ ಸಲ್ಲಿಸುವ ಅಗತ್ಯವಿಲ್ಲ. ಅನುದಾನರಹಿತ ವಿಭಾಗದ ಮಕ್ಕಳಿಗೆ ಈ ಸೌಲಭ್ಯಗಳಿಲ್ಲ. ಪ್ರವೇಶದ ಸಮಯದಲ್ಲಿ ಕೇವಲ ಮಾಧ್ಯಮವನ್ನು ನೋಡಿ ನಿರ್ಧರಿಸುವ ಪೋಷಕರು ಈ ವ್ಯತ್ಯಾಸದ ಹಣದ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಬೇಕು.

ಶೇಕಡ 25ರ ಉಚಿತ ಸೀಟು ಏಕೆ ದೊರೆಯುವುದಿಲ್ಲ

ಶಿಕ್ಷಣ ಹಕ್ಕು ಕಾಯ್ದೆ, 2009ರ 12ನೇ ಪ್ರಕರಣದನ್ವಯ ಖಾಸಗಿ ಅನುದಾನರಹಿತ ಶಾಲೆಗಳು ಆರಂಭಿಕ ತರಗತಿಯ ಕನಿಷ್ಠ ಶೇಕಡ 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಉಚಿತವಾಗಿ ನೀಡಬೇಕು. ಈ ಸ್ಥಾನಗಳನ್ನು ಕಥೋಲಿಕ ಶಾಲೆಗಳಲ್ಲಿ ಕೋರಿ ಬರುವ ಪೋಷಕರ ಸಂಖ್ಯೆ ಪ್ರತಿ ವರ್ಷವೂ ಗಣನೀಯವಾಗಿರುತ್ತದೆ. ಅವರು ಗಮನಿಸಬೇಕಾದುದೇನೆಂದರೆ, 2012ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳನ್ನು ಈ ಕಾಯ್ದೆಯಿಂದ ಹೊರಗಿರಿಸಿತು. 2014ರ ಮೇ 6ರಂದು ಪ್ರಮತಿ ಶೈಕ್ಷಣಿಕ ಟ್ರಸ್ಟ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಅನುದಾನಿತ ಅಲ್ಪಸಂಖ್ಯಾತ ಶಾಲೆಗಳಿಗೂ ಕಾಯ್ದೆ ಅನ್ವಯಿಸುವುದಿಲ್ಲವೆಂದು ತೀರ್ಪು ನೀಡಿತು. ಸಂವಿಧಾನದ 30ನೇ ಅನುಚ್ಛೇದವು ಅಲ್ಪಸಂಖ್ಯಾತರಿಗೆ ನೀಡಿರುವ, ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕೇ ಇದಕ್ಕೆ ಆಧಾರ. 2025ರ ಸೆಪ್ಟೆಂಬರ್ 1ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠವು ಈ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ದೊಡ್ಡ ಪೀಠದ ಪರಿಶೀಲನೆಗಾಗಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸಿದೆ. ದೊಡ್ಡ ಪೀಠವು ಬೇರೆ ತೀರ್ಪು ನೀಡುವವರೆಗೆ 2014ರ ತೀರ್ಪೇ ಬಂಧಕವಾಗಿರುತ್ತದೆ.

ಆದುದರಿಂದ ಕಥೋಲಿಕ ಶಾಲೆಯೊಂದು ಉಚಿತ ಸೀಟು ನೀಡಲು ನಿರಾಕರಿಸಿದರೆ ಅದು ಕಾನೂನಿನ ಉಲ್ಲಂಘನೆಯಾಗುವುದಿಲ್ಲ. ಈ ವಿಷಯದಲ್ಲಿ ದೂರು ನೀಡಿ ಪ್ರವೇಶದ ಅಮೂಲ್ಯ ದಿನಗಳನ್ನು ಕಳೆದುಕೊಳ್ಳುವುದಕ್ಕಿಂತ ಶಾಲೆಯ ಆಡಳಿತ ಮಂಡಳಿಗೆ ರಿಯಾಯಿತಿ ಕೋರಿ ಅರ್ಜಿ ನೀಡುವುದು ಪ್ರಯೋಜನಕಾರಿ. ಆದರೆ ಈ ವಿನಾಯಿತಿಯು ವಂತಿಗೆ ಪಡೆಯಲು ಅನುಮತಿಯಲ್ಲ. ಕರ್ನಾಟಕ ಶಿಕ್ಷಣ ಸಂಸ್ಥೆಗಳ (ವಂತಿಗೆ ಶುಲ್ಕ ನಿಷೇಧ) ಅಧಿನಿಯಮ, 1984 ಜಾರಿಯಲ್ಲಿದೆ. ಅಲ್ಪಸಂಖ್ಯಾತ ಸಂಸ್ಥೆಗಳೂ ವಂತಿಗೆ ಪಡೆಯುವಂತಿಲ್ಲವೆಂದು ಟಿ.ಎಂ.ಎ. ಪೈ ಪ್ರಕರಣದ 2002ರ ತೀರ್ಪು ಸ್ಪಷ್ಟಪಡಿಸಿದೆ. ಪಾವತಿಸಿದ ಪ್ರತಿಯೊಂದು ರೂಪಾಯಿಗೂ ರಸೀದಿ ಪಡೆಯತಕ್ಕದ್ದು. ರಸೀದಿಯಿಲ್ಲದ ಹಣಕ್ಕೆ ಮುಂದೆ ಯಾವ ಕಚೇರಿಯಲ್ಲಿಯೂ ಲೆಕ್ಕ ಸಿಗುವುದಿಲ್ಲ.

ಅಲ್ಪಸಂಖ್ಯಾತ ವಿದ್ಯಾರ್ಥಿವೇತನ: ಇದ್ದುದು ಮತ್ತು ಇರುವುದು

ಕ್ರೈಸ್ತರು, ಮುಸ್ಲಿಮರು, ಜೈನರು, ಸಿಖ್ಖರು, ಬೌದ್ಧರು ಹಾಗೂ ಪಾರ್ಸಿಗಳು ಕೇಂದ್ರ ಸರ್ಕಾರದಿಂದ ಅಧಿಸೂಚಿತರಾದ ಧಾರ್ಮಿಕ ಅಲ್ಪಸಂಖ್ಯಾತರು. ಈ ಸಮುದಾಯಗಳ ಮಕ್ಕಳಿಗಾಗಿ 2008ರಲ್ಲಿ ಕೇಂದ್ರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಯೋಜನೆ ಜಾರಿಗೆ ಬಂದಿತು. ಕುಟುಂಬದ ವಾರ್ಷಿಕ ಆದಾಯ ರೂ. 1 ಲಕ್ಷವನ್ನು ಮೀರಿರಬಾರದು, ಹಿಂದಿನ ತರಗತಿಯಲ್ಲಿ ಶೇಕಡ 50ರಷ್ಟು ಅಂಕಗಳಿರಬೇಕು, ಒಂದು ಕುಟುಂಬದ ಇಬ್ಬರಿಗೆ ಮಾತ್ರ ಎಂಬುವು ಅದರ ಮುಖ್ಯ ಷರತ್ತುಗಳು. ಶೇಕಡ 30ರಷ್ಟು ವಿದ್ಯಾರ್ಥಿವೇತನವನ್ನು ಬಾಲಕಿಯರಿಗೆ ಕಾಯ್ದಿರಿಸಲಾಗಿತ್ತು. ಮೊದಲು 1ರಿಂದ 10ನೇ ತರಗತಿಯವರೆಗೆ ಅನ್ವಯಿಸುತ್ತಿದ್ದ ಈ ಯೋಜನೆಯನ್ನು 2022-23ನೇ ಸಾಲಿನಿಂದ 9 ಮತ್ತು 10ನೇ ತರಗತಿಗಳಿಗೆ ಸೀಮಿತಗೊಳಿಸಲಾಯಿತು. ಎಂಟನೇ ತರಗತಿಯವರೆಗೆ ಶಿಕ್ಷಣ ಹಕ್ಕು ಕಾಯ್ದೆಯಡಿ ಉಚಿತ ಶಿಕ್ಷಣ ದೊರೆಯುತ್ತದೆ ಎಂಬುದು ಅದಕ್ಕೆ ನೀಡಿದ ಕಾರಣ. ಅದೇ ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲವೆಂಬುದನ್ನು ಮೇಲೆ ಹೇಳಲಾಗಿದೆ. ಹೀಗಾಗಿ ಕಥೋಲಿಕ ಶಾಲೆಯಲ್ಲಿ ಶುಲ್ಕ ಕೊಟ್ಟು ಓದುವ ಬಡ ಕ್ರೈಸ್ತ ಮಗುವಿಗೆ ಎರಡೂ ಕಡೆಯಿಂದ ಅವಕಾಶ ತಪ್ಪಿದಂತಾಯಿತು.

ತದನಂತರ ರಾಜ್ಯ ಸರ್ಕಾರವು 2023ರ ಜುಲೈ ತಿಂಗಳ ಆಯವ್ಯಯದಲ್ಲಿ, ಅಲ್ಪಸಂಖ್ಯಾತ ಸಮುದಾಯದ 1ರಿಂದ 8ನೇ ತರಗತಿಯ ಮಕ್ಕಳ ವಿದ್ಯಾರ್ಥಿವೇತನವನ್ನು ತನ್ನ ನಿಧಿಯಿಂದ ಮುಂದುವರಿಸುವುದಾಗಿ ಪ್ರಕಟಿಸಿತು. ರಾಜ್ಯದ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನಗಳಿಗೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ, ಅಂದರೆ ಎಸ್‌ಎಸ್‌ಪಿಯಲ್ಲಿ, ಅರ್ಜಿ ಸಲ್ಲಿಸಬೇಕು. ಕೇಂದ್ರದ ಯೋಜನೆಗಳಿಗೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎನ್‌ಎಸ್‌ಪಿ. ಎರಡರಲ್ಲಿಯೂ ಆಯಾ ಶೈಕ್ಷಣಿಕ ವರ್ಷಕ್ಕೆ ಸದರಿ ಯೋಜನೆಗೆ ಅರ್ಜಿ ಆಹ್ವಾನಿಸಲಾಗಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳತಕ್ಕದ್ದು. ಕಳೆದ ವರ್ಷ ನೆರೆಮನೆಯ ಮಗುವಿಗೆ ಬಂದಿತ್ತು ಎಂಬ ಆಧಾರದ ಮೇಲೆ ಈ ವರ್ಷದ ಶುಲ್ಕದ ಲೆಕ್ಕ ಹಾಕಬಾರದು.

ಮೊತ್ತದ ಬಗ್ಗೆಯೂ ವಾಸ್ತವ ಕಲ್ಪನೆ ಇರಬೇಕು. ಕೇಂದ್ರದ ಯೋಜನೆಯ ಮಾರ್ಗಸೂಚಿಯಲ್ಲಿ ಪ್ರೌಢಶಾಲೆಯ ಮಗುವಿಗೆ ಪ್ರವೇಶ ಶುಲ್ಕ ವರ್ಷಕ್ಕೆ ಗರಿಷ್ಠ ರೂ. 500, ಬೋಧನಾ ಶುಲ್ಕ ತಿಂಗಳಿಗೆ ಗರಿಷ್ಠ ರೂ. 350, ಮನೆಯಿಂದ ಬಂದು ಹೋಗುವ ಮಗುವಿಗೆ ನಿರ್ವಹಣಾ ಭತ್ಯೆ ತಿಂಗಳಿಗೆ ರೂ. 100 ಎಂದು ನಿಗದಿಪಡಿಸಲಾಗಿತ್ತು. ಹತ್ತು ತಿಂಗಳಿಗೆ ಲೆಕ್ಕ ಹಾಕಿದರೆ ಒಟ್ಟು ಗರಿಷ್ಠ ರೂ. 5,000. ಬೆಂಗಳೂರಿನ ಅನುದಾನರಹಿತ ಶಾಲೆಯೊಂದರ ವಾರ್ಷಿಕ ಶುಲ್ಕದೊಡನೆ ಇದನ್ನು ಹೋಲಿಸಿದರೆ ಪುಸ್ತಕ ಹಾಗೂ ಸಮವಸ್ತ್ರದ ವೆಚ್ಚಕ್ಕೆ ಆದೀತೇ ಹೊರತು ಶುಲ್ಕಕ್ಕೆ ಸಾಲದು. ವಿದ್ಯಾರ್ಥಿವೇತನ ಬಂದ ಮೇಲೆ ಶುಲ್ಕ ಕಟ್ಟುವುದಾಗಿ ಶಾಲೆಗೆ ಹೇಳಿ ಬಾಕಿ ಬೆಳೆಸಿಕೊಳ್ಳುವುದು ಅಪಾಯಕರ.

ಹಳೆಯ ಕರಪತ್ರಗಳಲ್ಲಿ ಈಗಲೂ ಕಾಣಸಿಗುವ ಕೆಲವು ಯೋಜನೆಗಳು ನಿಂತುಹೋಗಿವೆ. 9ರಿಂದ 12ನೇ ತರಗತಿಯ ಅಲ್ಪಸಂಖ್ಯಾತ ಬಾಲಕಿಯರಿಗೆ ಬೇಗಂ ಹಜರತ್ ಮಹಲ್ ವಿದ್ಯಾರ್ಥಿವೇತನ ನೀಡುತ್ತಿದ್ದ ಮೌಲಾನಾ ಆಜಾದ್ ಶಿಕ್ಷಣ ಪ್ರತಿಷ್ಠಾನವನ್ನು ಮುಚ್ಚಲು 2024ರ ಫೆಬ್ರುವರಿಯಲ್ಲಿ ಆದೇಶವಾಯಿತು. ವಿದೇಶ ವ್ಯಾಸಂಗದ ಸಾಲದ ಬಡ್ಡಿಗೆ ಸಹಾಯಧನ ನೀಡುತ್ತಿದ್ದ ಪಢೋ ಪರದೇಶ್ ಯೋಜನೆಯೂ 2022-23ರಿಂದ ಸ್ಥಗಿತಗೊಂಡಿತು. ಇವುಗಳ ಹೆಸರಿನಲ್ಲಿ ಯಾರಾದರೂ ಅರ್ಜಿ ಶುಲ್ಕ ಕೇಳಿದರೆ ನೀಡತಕ್ಕದ್ದಲ್ಲ. ಸರ್ಕಾರದ ಯಾವುದೇ ವಿದ್ಯಾರ್ಥಿವೇತನದ ಅರ್ಜಿಗೆ ಶುಲ್ಕವಿಲ್ಲ. ಸೈಬರ್ ಕೇಂದ್ರದವರು ಪಡೆಯುವುದು ತಮ್ಮ ಕೆಲಸದ ಕೂಲಿ ಮಾತ್ರ.

ಜಾತಿ, ಪ್ರವರ್ಗ ಮತ್ತು ಧರ್ಮ

ಅತಿ ಹೆಚ್ಚು ಗೊಂದಲ ಉಂಟಾಗುವುದು ಇಲ್ಲಿಯೇ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು ಪ್ರವರ್ಗ 3ಬಿಯಲ್ಲಿದ್ದಾರೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತ ಧರ್ಮಕ್ಕೆ ಮತಾಂತರ ಹೊಂದಿದವರು ಪ್ರವರ್ಗ 1ರಲ್ಲಿದ್ದಾರೆ. ಈ ಎರಡನೆಯ ಸಂಗತಿ ಅನೇಕ ಕುಟುಂಬಗಳಿಗೆ ತಿಳಿದಿಲ್ಲ. ಅಜ್ಜನ ಕಾಲದಲ್ಲಿ ಮತಾಂತರವಾಗಿ, ಶಾಲಾ ದಾಖಲಾತಿಯಲ್ಲಿ ಬರೀ ‘ಕ್ರೈಸ್ತ’ ಎಂದು ಬರೆಸಿದ್ದರೆ ಮಗುವಿಗೆ 3ಬಿ ಪ್ರಮಾಣ ಪತ್ರ ದೊರೆಯುತ್ತದೆಯೇ ಹೊರತು ಪ್ರವರ್ಗ 1ರದು ದೊರೆಯುವುದಿಲ್ಲ. ಪ್ರವರ್ಗ 1ರ ಪ್ರಮಾಣ ಪತ್ರ ಬೇಕಾದವರು ಹಿರಿಯರ ಶಾಲಾ ದಾಖಲೆ, ಕಂದಾಯ ದಾಖಲೆ ಅಥವಾ ಹಿಂದೆ ಪಡೆದ ಜಾತಿ ಪ್ರಮಾಣ ಪತ್ರಗಳನ್ನು ಒದಗಿಸಿ ತಹಶೀಲ್ದಾರರ ವಿಚಾರಣೆಗೆ ಸಹಕರಿಸಬೇಕಾಗುತ್ತದೆ. ಇದಕ್ಕೆ ಸಮಯ ಹಿಡಿಯುವುದರಿಂದ ಅರ್ಜಿಯ ಕೊನೆಯ ದಿನಾಂಕ ಪ್ರಕಟವಾದ ಮೇಲೆ ಆರಂಭಿಸಿದರೆ ಆಗದು. ಬೇಸಿಗೆ ರಜೆಯೇ ತಕ್ಕ ಕಾಲ.

ಆದರೆ ಇವರು ಪರಿಶಿಷ್ಟ ಜಾತಿಯ ವಿದ್ಯಾರ್ಥಿವೇತನಕ್ಕೆ ಅರ್ಹರಲ್ಲ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ ಪ್ರಕಾರ ಹಿಂದೂ, ಸಿಖ್ ಹಾಗೂ ಬೌದ್ಧ ಧರ್ಮಗಳನ್ನು ಅನುಸರಿಸುವವರು ಮಾತ್ರ ಪರಿಶಿಷ್ಟ ಜಾತಿಗೆ ಸೇರಿದವರೆಂದು ಪರಿಗಣಿತರಾಗುತ್ತಾರೆ. ಸಿಖ್ಖರು 1956ರಲ್ಲಿ, ಬೌದ್ಧರು 1990ರಲ್ಲಿ ಸೇರ್ಪಡೆಯಾದರು. ಇತರ ಧರ್ಮಗಳಿಗೆ ಮತಾಂತರ ಹೊಂದಿದವರ ವಿಷಯವನ್ನು ಪರಿಶೀಲಿಸಲು ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ 2022ರ ಅಕ್ಟೋಬರ್‌ನಲ್ಲಿ ಆಯೋಗ ನೇಮಕವಾಯಿತು. ಆಯೋಗ ನೇಮಕವಾಗಿದೆ ಎಂಬ ಸುದ್ದಿಯನ್ನೇ ಸೌಲಭ್ಯ ದೊರೆತಿದೆ ಎಂದು ತಿಳಿದು ಅರ್ಜಿ ಹಾಕಿದರೆ ಅದು ತಿರಸ್ಕೃತವಾಗುತ್ತದೆ. ಪರಿಶಿಷ್ಟ ಪಂಗಡಕ್ಕೆ ಈ ನಿರ್ಬಂಧವಿಲ್ಲ. ಪಂಗಡಕ್ಕೆ ಸೇರಿದ ಕ್ರೈಸ್ತ ಮಗು ಪಂಗಡದ ವಿದ್ಯಾರ್ಥಿವೇತನ ಪಡೆಯಬಹುದು.

ಕಥೋಲಿಕ ಶಾಲೆಗಳಲ್ಲಿ ಓದುವ ಇತರ ಧರ್ಮಗಳ ಮಕ್ಕಳ ಸಂಖ್ಯೆ ದೊಡ್ಡದು. ಅವರಿಗೆ ಶಾಲೆಯ ಧರ್ಮ ಅಡ್ಡಿಯಾಗುವುದಿಲ್ಲ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ ಹಾಗೂ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ವಿದ್ಯಾರ್ಥಿವೇತನಗಳನ್ನು ನೀಡುವುದು ಮಗುವಿನ ಪ್ರವರ್ಗ ಹಾಗೂ ಕುಟುಂಬದ ಆದಾಯವನ್ನು ಆಧರಿಸಿ. ಉದಾಹರಣೆಗೆ, ಪರಿಶಿಷ್ಟ ಜಾತಿಯ 9 ಮತ್ತು 10ನೇ ತರಗತಿಯ ಮಕ್ಕಳ ಕೇಂದ್ರ ಪುರಸ್ಕೃತ ಯೋಜನೆಯಲ್ಲಿ ಆದಾಯ ಮಿತಿ ರೂ. 2.5 ಲಕ್ಷ, ಮನೆಯಿಂದ ಬರುವವರಿಗೆ ವರ್ಷಕ್ಕೆ ರೂ. 3,500, ವಿದ್ಯಾರ್ಥಿನಿಲಯದಲ್ಲಿರುವವರಿಗೆ ರೂ. 7,000. ಇವುಗಳಿಗೂ ಎಸ್‌ಎಸ್‌ಪಿಯಲ್ಲಿಯೇ ಅರ್ಜಿ ಸಲ್ಲಿಸಬೇಕು. ಒಂದೇ ಉದ್ದೇಶಕ್ಕೆ ಎರಡು ಇಲಾಖೆಗಳಿಂದ ಹಣ ಪಡೆಯಲು ಅವಕಾಶವಿಲ್ಲ.

ರಾಷ್ಟ್ರೀಯ ಸಾಧನಾ ಹಾಗೂ ಪ್ರತಿಭಾ ವಿದ್ಯಾರ್ಥಿವೇತನ

ಎನ್‌ಎಂಎಂಎಸ್ ಎಂದು ಕರೆಯಲಾಗುವ ಈ ಯೋಜನೆಯ ಕಡೆಗೆ ನಗರದ ಪೋಷಕರ ಗಮನ ಸಾಲದು. 2008ರಲ್ಲಿ ಆರಂಭವಾದ ಇದು ಎಲ್ಲ ಧರ್ಮ ಹಾಗೂ ಜಾತಿಯ ಮಕ್ಕಳಿಗೂ ಮುಕ್ತವಾಗಿದ್ದು, ದೇಶದಾದ್ಯಂತ ಪ್ರತಿ ವರ್ಷ 1 ಲಕ್ಷ ಹೊಸ ವಿದ್ಯಾರ್ಥಿವೇತನಗಳಿಗೆ ಅವಕಾಶವಿದೆ. 8ನೇ ತರಗತಿಯಲ್ಲಿ ಪರೀಕ್ಷೆ ನಡೆಯುತ್ತದೆ. ಆಯ್ಕೆಯಾದವರಿಗೆ 9ರಿಂದ 12ನೇ ತರಗತಿಯವರೆಗೆ ತಿಂಗಳಿಗೆ ರೂ. 1,000ದಂತೆ ವರ್ಷಕ್ಕೆ ರೂ. 12,000 ದೊರೆಯುತ್ತದೆ. ನಾಲ್ಕು ವರ್ಷಗಳಿಗೆ ಒಟ್ಟು ರೂ. 48,000. ಪೋಷಕರ ವಾರ್ಷಿಕ ಆದಾಯ ರೂ. 3.5 ಲಕ್ಷವನ್ನು ಮೀರಿರಬಾರದು. 7ನೇ ತರಗತಿಯಲ್ಲಿ ಶೇಕಡ 55ರಷ್ಟು ಅಂಕಗಳಿರಬೇಕು, ಪರಿಶಿಷ್ಟ ಜಾತಿ ಹಾಗೂ ಪಂಗಡದವರಿಗೆ ಶೇಕಡ 5ರಷ್ಟು ಸಡಿಲಿಕೆಯಿದೆ. ಬೌದ್ಧಿಕ ಸಾಮರ್ಥ್ಯ ಹಾಗೂ ವ್ಯಾಸಂಗ ಪ್ರವೃತ್ತಿ ಎಂಬ ಎರಡು ಪತ್ರಿಕೆಗಳಿರುತ್ತವೆ. ಎರಡೂ ಸೇರಿ ಶೇಕಡ 40ರಷ್ಟು, ಪರಿಶಿಷ್ಟರಿಗೆ ಶೇಕಡ 32ರಷ್ಟು ಅಂಕಗಳು ಅವಶ್ಯ.

ಮುಖ್ಯವಾದ ಷರತ್ತು ಎಂದರೆ, ಮಗು ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಯ ಶಾಲೆಯಲ್ಲಿ ಓದುತ್ತಿರಬೇಕು. ಕಥೋಲಿಕ ಶಾಲೆಯ ಅನುದಾನಿತ ವಿಭಾಗದ ಮಗು ಅರ್ಹ. ಅದೇ ಆವರಣದ ಅನುದಾನರಹಿತ ವಿಭಾಗದ ಮಗು ಅರ್ಹವಲ್ಲ. ಆಯ್ಕೆಯಾದ ನಂತರವೂ ಈ ಷರತ್ತು ಮುಂದುವರಿಯುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಶೇಕಡ 60ರಷ್ಟು ಅಂಕ (ಪರಿಶಿಷ್ಟರಿಗೆ ಶೇಕಡ 55) ಪಡೆದು ಅನುದಾನಿತ ಪದವಿಪೂರ್ವ ಕಾಲೇಜಿಗೆ ಸೇರಿದರೆ ಹಣ ಬರುತ್ತದೆ. ಪಕ್ಕದ ಅನುದಾನರಹಿತ ಕಾಲೇಜಿಗೆ ಸೇರಿದರೆ ಉಳಿದ ಎರಡು ವರ್ಷಗಳ ರೂ. 24,000 ತಪ್ಪಿಹೋಗುತ್ತದೆ. ಪಿಯುಸಿ ಪ್ರವೇಶದ ಗಡಿಬಿಡಿಯಲ್ಲಿ ಇದನ್ನು ಯಾರೂ ನೆನಪಿಸುವುದಿಲ್ಲ. ಪೋಷಕರೇ ನೆನಪಿನಲ್ಲಿಟ್ಟುಕೊಳ್ಳಬೇಕು. ಪರೀಕ್ಷೆಗೆ ಅರ್ಜಿಯು ಶಾಲೆಯ ಮೂಲಕವೇ ಹೋಗಬೇಕಾದುದರಿಂದ 8ನೇ ತರಗತಿ ಆರಂಭವಾದ ಕೂಡಲೇ ತರಗತಿ ಶಿಕ್ಷಕರಲ್ಲಿ ವಿಚಾರಿಸುವುದು ಸೂಕ್ತ.

ಪೋಷಕರ ಉದ್ಯೋಗದ ಆಧಾರದ ಮೇಲಿನ ನೆರವು

ಕಟ್ಟಡ ಹಾಗೂ ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾದ ಕಾರ್ಮಿಕರ ಮಕ್ಕಳಿಗೆ ಶೈಕ್ಷಣಿಕ ಸಹಾಯಧನದ ಯೋಜನೆ ಇದೆ. ಕಾರ್ಖಾನೆ, ಅಂಗಡಿ ಮತ್ತು ಸಂಸ್ಥೆಗಳಲ್ಲಿ ದುಡಿಯುತ್ತ ಕಾರ್ಮಿಕ ಕಲ್ಯಾಣ ನಿಧಿಗೆ ವಂತಿಗೆ ಕಟ್ಟುವವರ ಮಕ್ಕಳಿಗೆ ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿಯ ಪ್ರೋತ್ಸಾಹ ಧನವಿದೆ. ಇದು ಪ್ರೌಢಶಾಲೆಯಿಂದ ಆರಂಭವಾಗುತ್ತದೆ. ಮಂಗಳೂರು ಭಾಗದ ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ವಿದ್ಯಾರ್ಥಿವೇತನ ಎನ್‌ಎಸ್‌ಪಿಯ ಮೂಲಕ ಬರುತ್ತದೆ. ತಾಯಿಯ ಹೆಸರಿನಲ್ಲಿ ಬೀಡಿ ಗುರುತಿನ ಚೀಟಿ ಇದ್ದರೂ ಸಾಕು. ಇವುಗಳಲ್ಲಿ ಯಾವುದಕ್ಕೂ ಧರ್ಮದ ಷರತ್ತಿಲ್ಲ. ಪೋಷಕರ ಕಾರ್ಡು ನವೀಕರಣಗೊಂಡಿರಬೇಕು ಎಂಬುದೊಂದೇ ಎಚ್ಚರಿಕೆ.

ಪ್ರಯಾಣದ ವೆಚ್ಚವೂ ಲೆಕ್ಕಕ್ಕೆ ಬರುವಂತಹುದು. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ನಿವಾಸಿಗಳಾದ ವಿದ್ಯಾರ್ಥಿನಿಯರೂ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಬಾಲಕರು ರಿಯಾಯಿತಿ ಪಾಸು ಪಡೆಯಬೇಕು.

ಹೆಸರು ಮತ್ತು ಬ್ಯಾಂಕ್ ಖಾತೆ

ಅರ್ಹತೆ ಇದ್ದೂ ಹಣ ಬಾರದಿರುವ ಪ್ರಕರಣಗಳಲ್ಲಿ ಹೆಸರಿನ ವ್ಯತ್ಯಾಸ ಒಂದು ಮುಖ್ಯ ಕಾರಣ. ಕ್ರೈಸ್ತ ಕುಟುಂಬಗಳಲ್ಲಿ ಈ ಸಮಸ್ಯೆಗೆ ತನ್ನದೇ ಆದ ಸ್ವರೂಪವಿದೆ. ಡಿಸೋಜ, ಡಿಸಿಲ್ವ, ಡಿಕುನ್ಹ ಮೊದಲಾದ ಕುಲನಾಮಗಳಲ್ಲಿ ಇಂಗ್ಲಿಷಿನ ಮೊದಲ ಅಕ್ಷರದ ನಂತರ ಒಂದು ಚಿಹ್ನೆ ಬರುತ್ತದೆ. ಒಂದು ದಾಖಲೆಯಲ್ಲಿ ಆ ಚಿಹ್ನೆ ಇರುತ್ತದೆ, ಇನ್ನೊಂದರಲ್ಲಿ ಅದರ ಬದಲು ಖಾಲಿ ಜಾಗ ಇರುತ್ತದೆ, ಮತ್ತೊಂದರಲ್ಲಿ ಎರಡೂ ಇಲ್ಲದೆ ಕೂಡಿಸಿ ಬರೆದಿರುತ್ತದೆ. ಓದುವವರಿಗೆ ಇವೆಲ್ಲ ಒಂದೇ ಹೆಸರು. ಗಣಕಯಂತ್ರಕ್ಕೆ ಮೂರು ಬೇರೆ ಹೆಸರುಗಳು. ಬೆಂಗಳೂರಿನ ತಮಿಳು ಮೂಲದ ಕಥೋಲಿಕ ಕುಟುಂಬಗಳಲ್ಲಿ ಕುಲನಾಮದ ಬದಲು ತಂದೆಯ ಹೆಸರಿನ ಮೊದಲಕ್ಷರ ಬಳಸುವ ರೂಢಿಯಿದೆ. ಶಾಲೆಯಲ್ಲಿ ಅಕ್ಷರ ಮಾತ್ರ, ಆಧಾರ್‌ನಲ್ಲಿ ಪೂರ್ಣ ಹೆಸರು ಇದ್ದರೆ ಹೊಂದಾಣಿಕೆಯಾಗುವುದಿಲ್ಲ. ಇನ್ನು ಕೆಲವು ಮಕ್ಕಳಿಗೆ ಜನನ ಪ್ರಮಾಣ ಪತ್ರದಲ್ಲಿ ಒಂದು ಹೆಸರು, ದೀಕ್ಷಾಸ್ನಾನದ ದಾಖಲೆಯಲ್ಲಿ ಸಂತರ ಹೆಸರು ಸೇರಿದ ಇನ್ನೊಂದು ಹೆಸರು ಇರುತ್ತದೆ. ಶಾಲೆಗೆ ಸೇರಿಸುವಾಗ ಎರಡನೆಯದನ್ನು ನೀಡಿದ್ದರೆ ತೊಡಕು ಅಂದೇ ಆರಂಭವಾಗುತ್ತದೆ.

ಜನನ ಪ್ರಮಾಣ ಪತ್ರವನ್ನು ಆಧಾರವಾಗಿಟ್ಟುಕೊಂಡು ಆಧಾರ್, ಶಾಲೆಯ ಎಸ್‌ಎಟಿಎಸ್ ದಾಖಲೆ ಹಾಗೂ ಬ್ಯಾಂಕ್ ಪುಸ್ತಕ ಮೂರರಲ್ಲಿಯೂ ಹೆಸರನ್ನು ಅಕ್ಷರಶಃ ಒಂದೇ ರೀತಿ ಮಾಡಿಸುವುದು ಸರಿಯಾದ ಕ್ರಮ. ಶಾಲಾ ದಾಖಲೆಯ ತಿದ್ದುಪಡಿಯನ್ನು 10ನೇ ತರಗತಿಯ ಪರೀಕ್ಷಾ ನೋಂದಣಿಗೆ ಮುನ್ನವೇ ಮುಗಿಸಬೇಕು. ಅಂಕಪಟ್ಟಿ ಮುದ್ರಣವಾದ ಮೇಲೆ ಆಗುವ ಅಲೆದಾಟ ಬಹಳ.

ಹಣವು ಮಗುವಿನ ಆಧಾರ್‌ಗೆ ಜೋಡಣೆಯಾದ ಖಾತೆಗೆ ನೇರವಾಗಿ ಜಮಾ ಆಗುತ್ತದೆ. ಬ್ಯಾಂಕಿನಲ್ಲಿ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಜೋಡಣೆಯಾಯಿತೆಂದು ಭಾವಿಸಬಾರದು. ನೇರ ನಗದು ವರ್ಗಾವಣೆಗಾಗಿ ಎನ್‌ಪಿಸಿಐ ಜೋಡಣೆ ಎಂಬುದು ಪ್ರತ್ಯೇಕ ಪ್ರಕ್ರಿಯೆ. ಅದಕ್ಕೆ ಒಪ್ಪಿಗೆ ಪತ್ರ ನೀಡಬೇಕು. ಒಂದಕ್ಕಿಂತ ಹೆಚ್ಚು ಖಾತೆಗಳಿದ್ದರೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹಣ ಹೋಗುತ್ತದೆ. ಹಣ ಬಂದಿಲ್ಲವೆಂದು ದೂರುವವರಲ್ಲಿ ಕೆಲವರ ಹಣ ಅವರೇ ಮರೆತಿದ್ದ ಹಳೆಯ ಖಾತೆಯಲ್ಲಿ ಇರುವುದುಂಟು.

ಅರ್ಜಿ ಸಲ್ಲಿಸುವುದು ಮತ್ತು ಬೆನ್ನು ಹತ್ತುವುದು

ಜಾತಿ ಹಾಗೂ ಆದಾಯ ಪ್ರಮಾಣ ಪತ್ರ, ಅಲ್ಪಸಂಖ್ಯಾತ ಪ್ರಮಾಣ ಪತ್ರಗಳನ್ನು ನಾಡಕಚೇರಿಯ ಮೂಲಕ ಪಡೆಯಬೇಕು. ಪ್ರಮಾಣ ಪತ್ರದ ಮೇಲೆ ‘ಆರ್‌ಡಿ’ ಎಂದು ಆರಂಭವಾಗುವ ಸಂಖ್ಯೆಯನ್ನೇ ಎಸ್‌ಎಸ್‌ಪಿಯಲ್ಲಿ ನಮೂದಿಸಬೇಕಾಗುತ್ತದೆ. ಇವು ಸಕಾಲ ಸೇವೆಗಳು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರಂತೆ ಅರ್ಜಿ ಸಲ್ಲಿಸಿದಾಗ ಜಿಎಸ್‌ಸಿ ಸಂಖ್ಯೆಯಿರುವ ಸ್ವೀಕೃತಿಯನ್ನು ಪಡೆಯುವುದು ನಾಗರಿಕರ ಹಕ್ಕು. ನಿಗದಿತ ದಿನಗಳಲ್ಲಿ ಸೇವೆ ದೊರೆಯದಿದ್ದರೆ ಈ ಸಂಖ್ಯೆಯ ಆಧಾರದ ಮೇಲೆ ಮೇಲ್ಮನವಿ ಸಲ್ಲಿಸಬಹುದು.

ಪೋಷಕರು ಅರ್ಜಿ ಸಲ್ಲಿಸಿದ ಕೂಡಲೇ ಕೆಲಸ ಮುಗಿಯುವುದಿಲ್ಲ. ಎನ್‌ಎಸ್‌ಪಿಯಲ್ಲಿ ಶಾಲೆಯ ನೋಡಲ್ ಅಧಿಕಾರಿ ಅರ್ಜಿಯನ್ನು ಪರಿಶೀಲಿಸಿ ಮುಂದಕ್ಕೆ ಕಳುಹಿಸಬೇಕು. 2023ರಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿವೇತನದ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳು ನಕಲಿ ಅಥವಾ ಕಾರ್ಯನಿರತವಲ್ಲದವು ಎಂದು ಕಂಡುಬಂದು, ತನಿಖೆಯನ್ನು ಸಿಬಿಐಗೆ ವಹಿಸಲಾಯಿತು. ಪರಿಶೀಲನೆ ಬಿಗಿಯಾಗಿರುವುದಕ್ಕೆ ಹಿನ್ನೆಲೆ ಇದು. ಪ್ರಾಮಾಣಿಕ ಅರ್ಜಿದಾರರಿಗೂ ಇದರಿಂದ ಸ್ವಲ್ಪ ವಿಳಂಬವಾಗುತ್ತದೆ. ಆದರೆ ಶಾಲೆಯ ಹಂತದಲ್ಲಿಯೇ ಅರ್ಜಿ ನಿಂತಿದ್ದರೆ ಅದಕ್ಕೆ ಪರಿಹಾರವೂ ಶಾಲೆಯಲ್ಲಿಯೇ ಇದೆ. ಪ್ರತಿ ಹದಿನೈದು ದಿನಗಳಿಗೊಮ್ಮೆ ಅರ್ಜಿಯ ಸ್ಥಿತಿಯನ್ನು ನೋಡುವುದು ಅವಶ್ಯ.

ಶಾಲೆಯ ಹಾಗೂ ಧರ್ಮಕೇಂದ್ರದ ನೆರವು

ಸರ್ಕಾರದ ಮೊತ್ತ ಶುಲ್ಕಕ್ಕೆ ಸಾಲದಾದಾಗ ಉಳಿಯುವ ಮಾರ್ಗ ಶಾಲೆಯದೇ ನೆರವು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2007ರಲ್ಲಿ ಹೊರತಂದ ಶಿಕ್ಷಣ ನೀತಿಯು ಬಡವರು ಹಾಗೂ ಅಂಚಿನಲ್ಲಿರುವವರಿಗೆ ಆದ್ಯತೆ ನೀಡಬೇಕೆಂದು ತನ್ನ ಶಾಲೆಗಳಿಗೆ ತಿಳಿಸಿದೆ. ಇದು ಧರ್ಮಸಭೆಯ ಆಂತರಿಕ ನೀತಿಯಾಗಿದ್ದು ಕಾನೂನಿನ ಬಲವಿಲ್ಲ. ಆದರೂ ಕೋರಿಕೆ ಪತ್ರದಲ್ಲಿ ಇದನ್ನು ಉಲ್ಲೇಖಿಸಬಹುದು. ಶುಲ್ಕ ವಿನಾಯಿತಿ, ಕಂತುಗಳಲ್ಲಿ ಪಾವತಿ, ಹಳೆಯ ವಿದ್ಯಾರ್ಥಿಗಳ ಸಂಘದ ನಿಧಿ, ಒಂದೇ ಕುಟುಂಬದ ಎರಡನೆಯ ಮಗುವಿಗೆ ರಿಯಾಯಿತಿ ಇವು ಶಾಲೆಯಿಂದ ಶಾಲೆಗೆ ಬೇರೆಯಾಗಿರುತ್ತವೆ. ಅನೇಕ ಕಡೆ ಇವುಗಳನ್ನು ಫಲಕದಲ್ಲಿ ಪ್ರಕಟಿಸುವುದಿಲ್ಲ. ಕೇಳಿದವರಿಗೆ ಮಾತ್ರ ತಿಳಿಯುತ್ತದೆ.

ಕೇಳುವ ರೀತಿಯೂ ಮುಖ್ಯ. ಶುಲ್ಕದ ಕೊನೆಯ ದಿನ ಕಚೇರಿಯ ಕಿಟಕಿಯ ಮುಂದೆ ಗುಮಾಸ್ತರಲ್ಲಿ ಹೇಳಿಕೊಂಡರೆ ಪ್ರಯೋಜನವಿಲ್ಲ. ಅವರಿಗೆ ಆ ಅಧಿಕಾರವಿರುವುದಿಲ್ಲ. ಮುಖ್ಯೋಪಾಧ್ಯಾಯರನ್ನೋ ಶಾಲೆಯ ವ್ಯವಸ್ಥಾಪಕರಾದ ಗುರುಗಳನ್ನೋ ಮುಂಚಿತವಾಗಿ ಕಂಡು, ಲಿಖಿತ ಕೋರಿಕೆಯೊಂದಿಗೆ ಆದಾಯ ಪ್ರಮಾಣ ಪತ್ರ, ಪಡಿತರ ಚೀಟಿಯ ಪ್ರತಿ, ಕುಟುಂಬದಲ್ಲಿ ಕಾಯಿಲೆ ಅಥವಾ ಮರಣದಿಂದ ತೊಂದರೆಯಾಗಿದ್ದರೆ ಅದರ ದಾಖಲೆ, ಹಾಗೂ ಪ್ರತಿ ತಿಂಗಳು ಕಟ್ಟಬಲ್ಲ ಮೊತ್ತ ಎಷ್ಟು ಎಂಬುದನ್ನು ನೀಡಬೇಕು. ಏನನ್ನೂ ಕಟ್ಟಲಾರೆ ಎನ್ನುವ ಅರ್ಜಿಗಿಂತ ಇಷ್ಟು ಕಟ್ಟಬಲ್ಲೆ ಎನ್ನುವ ಅರ್ಜಿಯನ್ನು ಪರಿಗಣಿಸುವುದು ಆಡಳಿತ ಮಂಡಳಿಗೂ ಸುಲಭ. ಮಂಜೂರಾದ ರಿಯಾಯಿತಿಯನ್ನು ಬರವಣಿಗೆಯಲ್ಲಿ ಪಡೆದಿಟ್ಟುಕೊಳ್ಳತಕ್ಕದ್ದು. ಮುಖ್ಯಸ್ಥರು ವರ್ಗವಾಗಿ ಹೋದ ಮೇಲೆ ಬಾಯಿಮಾತಿನ ಒಪ್ಪಂದ ಉಳಿಯುವುದಿಲ್ಲ.

ಕಥೋಲಿಕ ಕುಟುಂಬಗಳು ತಮ್ಮ ಧರ್ಮಕೇಂದ್ರದಲ್ಲಿಯೂ ವಿಚಾರಿಸಬಹುದು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಸಂತ ವಿನ್ಸೆಂಟ್ ಡಿ ಪೌಲರ ಸಭೆಯ ಶಾಖೆಗಳು ಇಲ್ಲಿನ ಧರ್ಮಕೇಂದ್ರಗಳಲ್ಲಿಯೂ ಇವೆ. ಸದಸ್ಯರು ಮನೆಗೆ ಬಂದು ಪರಿಸ್ಥಿತಿಯನ್ನು ನೋಡಿ ಬಡ ಕುಟುಂಬಗಳಿಗೆ ನೆರವಾಗುವುದು ಈ ಸಭೆಯ ಪದ್ಧತಿ. ನೆರೆಹೊರೆಯವರಿಗೆ ತಿಳಿಯುತ್ತದೆಂಬ ಸಂಕೋಚದಿಂದ ಹಿಂಜರಿಯುವ ಅಗತ್ಯವಿಲ್ಲ. ಇಂತಹ ಖಾಸಗಿ ನೆರವು ಪಡೆದ ಕಾರಣಕ್ಕೆ ಸರ್ಕಾರದ ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸುವುದನ್ನು ಬಿಡಬಾರದು.

ಪದವಿಪೂರ್ವ ಹಾಗೂ ಮೇಲಿನ ವ್ಯಾಸಂಗಕ್ಕೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ವಿದ್ಯಾಸಿರಿ ಹಾಗೂ ವೃತ್ತಿಪರ ಕೋರ್ಸುಗಳಿಗೆ ಅರಿವು ಸಾಲ ಯೋಜನೆಗಳಿದ್ದು, ಅವುಗಳ ವಿವರ ಬೇರೆಯಾಗಿ ಪಡೆಯತಕ್ಕದ್ದು. ಹೆಚ್ಚಿನ ಮಾಹಿತಿಗೆ ಜಿಲ್ಲಾ ಅಲ್ಪಸಂಖ್ಯಾತರ ಕಲ್ಯಾಣ ಅಧಿಕಾರಿಗಳ ಕಚೇರಿ, ತಾಲ್ಲೂಕು ಅಲ್ಪಸಂಖ್ಯಾತರ ಮಾಹಿತಿ ಕೇಂದ್ರ ಅಥವಾ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಬರುವಾಗ ಮಗುವಿನ ಎಸ್‌ಎಟಿಎಸ್ ಸಂಖ್ಯೆ, ಶಾಲೆಯ ಯು-ಡೈಸ್ ಸಂಖ್ಯೆ ಹಾಗೂ ಅರ್ಜಿ ಸಲ್ಲಿಸಿದ್ದಲ್ಲಿ ಅದರ ಸ್ವೀಕೃತಿಯನ್ನು ತಪ್ಪದೇ ತರಬೇಕು.